ಆಯಿಲ್ ನಾನೇ ಬದಲಿಸಲೇ, ಗ್ಯಾರೇಜಿಗೇ ಬಿಡಲೇ?

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಬ್ಯಾಂಕ್ ಉದ್ಯೋಗಿ. ಮನೆಯಲ್ಲಿ 2016ರ ಪೆಟ್ರೋಲ್ ಸ್ವಿಫ್ಟ್ ಇದೆ, ಹೆಂಡತಿಯ ಆ್ಯಕ್ಟಿವಾ ಇದೆ. ಹೋದ ತಿಂಗಳು ಕಾರನ್ನು ಸರ್ವೀಸಿಗೆ ಬಿಟ್ಟಿದ್ದೆ. 6,890 ರೂಪಾಯಿ ಬಿಲ್ಲಾಯಿತು, ನಕಲು ಕಳಿಸಿದ್ದೇನೆ. ಎರಡು ವಾರ ಬಿಟ್ಟು ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಆಗಲೇ ಕಂದು. ಹೊಸ ಆಯಿಲ್ ಹಾಕಿಯೇ ಇಲ್ಲವೇನೋ ಅನ್ನಿಸುತ್ತಿದೆ. ಯೂಟ್ಯೂಬ್ ನೋಡಿದ ನನ್ನ ಭಾಮೈದ, ‘ಅರ್ಧ ಗಂಟೆ ಕೆಲಸ ಭಾವ, ಮನೆ ಮುಂದೆಯೇ ಮಾಡೋಣ’ ಅನ್ನುತ್ತಾನೆ. ಮಾಡಬಹುದೇ? ಇನ್ನೊಂದು, ಇಳಿಸಿದ ಆಯಿಲನ್ನು ಕೊಟ್ಟಿಗೆಯ ಕಂಬಗಳಿಗೆ ಬಳಿಯಲು, ನಾಯಿಯ ಕಜ್ಜಿಗೆ ಹಚ್ಚಲು ಕೊಡು ಎಂದು ಊರಿನಲ್ಲಿರುವ ಅಪ್ಪ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಮೊದಲು ಆ ಕಂದು ಬಣ್ಣದ ವಿಚಾರ. ನಿಮ್ಮ ಅನುಮಾನ ಹುಟ್ಟಿದ್ದೇ ಅಲ್ಲಿ.

ಬಣ್ಣ ಒಂದನ್ನೇ ನೋಡಿ ಗ್ಯಾರೇಜಿನವನನ್ನು ಕಳ್ಳ ಅನ್ನಲು ಬರುವುದಿಲ್ಲ. ಡ್ರೈನ್ ಬೋಲ್ಟ್ ಬಿಚ್ಚಿ ಎಷ್ಟು ಹೊತ್ತು ಬಿಟ್ಟರೂ ಹಳೇ ಆಯಿಲ್ ಪೂರ್ತಿ ಇಳಿಯುವುದಿಲ್ಲ. ಹೆಡ್ಡಿನ ಸಂದುಗೊಂದುಗಳಲ್ಲಿ, ಪಂಪಿನಲ್ಲಿ, ಆಯಿಲ್ ನಿಲ್ಲುವ ಚೇಂಬರಿನ ತಳದಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ, ಹೊಸದರ ಜೊತೆ ಬೆರೆಯುತ್ತದೆ. ಮೇಲಾಗಿ ಆಯಿಲಿನ ಕೆಲಸ ಬರೀ ಜಾರಿಸುವುದಲ್ಲ, ಕೊಳೆ ಹೊರುವುದೂ ಹೌದು. ಅದರಲ್ಲಿ ಡಿಟರ್ಜೆಂಟ್ ಬೆರೆತಿರುತ್ತದೆ. ಪಿಸ್ಟನ್ ಸುತ್ತ ಕೂತ ಮಸಿಯನ್ನು ಬಿಡಿಸಿ, ತನ್ನಲ್ಲೇ ತೇಲಿಸಿಕೊಂಡು ಅದು ತಿರುಗುತ್ತಿರುತ್ತದೆ. ಪಾತ್ರೆ ತೊಳೆದ ನೀರು ತಿಳಿಯಾಗಿಯೇ ಇದ್ದರೆ ಪಾತ್ರೆ ತೊಳೆದಿಲ್ಲ ಅಂತ ತಾನೇ? ನಿಮ್ಮದು ಡೀಸೆಲ್ ಗಾಡಿಯಾಗಿದ್ದರೆ ಒಂದೆರಡು ದಿನದಲ್ಲೇ ಕಾಡಿಗೆಯಂತಾಗಿರುತ್ತಿತ್ತು, ಅದರಲ್ಲೂ ತಪ್ಪೇನಿಲ್ಲ. ಪೆಟ್ರೋಲ್ ಕಾರಿನಲ್ಲಿ ಎರಡು ವಾರಕ್ಕೆ ಜೋನಿಬೆಲ್ಲದ ಬಣ್ಣ ಬಂದಿದ್ದರೆ ಸಹಜ. ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿ, ಮೂಸಿದರೆ ಸುಟ್ಟ ವಾಸನೆ ಬರುತ್ತಿದ್ದರೆ ಮಾತ್ರ ಯೋಚಿಸಬೇಕು. ನೀವು ‘ಕಂದು’ ಎಂದು ಬರೆದಿದ್ದೀರಿ, ‘ಕಪ್ಪು’ ಎಂದಿಲ್ಲ. ಸದ್ಯಕ್ಕೆ ಅವನನ್ನು ಬಿಟ್ಟುಬಿಡಿ.

ಹಾಗಂತ ಮೋಸ ನಡೆಯುವುದೇ ಇಲ್ಲ ಎಂದರೆ ನಾನೇ ಸುಳ್ಳುಗಾರ. ತುಮಕೂರಿನಲ್ಲಿ 27 ವರ್ಷ ಗ್ಯಾರೇಜು ನಡೆಸಿದ್ದೇನೆ, ಈ ದಂಧೆಯ ಒಳಗೂ ಹೊರಗೂ ಗೊತ್ತು. ಆಯಿಲ್ ಹಾಕದೇ ಕಳಿಸುವವರು ಕಡಿಮೆ. ಹೆಚ್ಚಾಗಿ ತಪ್ಪಿಸುವುದು ಫಿಲ್ಟರನ್ನು. ಅದು ಎಂಜಿನ್ನಿನ ಪಕ್ಕ ಎಲ್ಲೋ ಅಡಗಿ ಕೂತ ಮುಷ್ಟಿಗಾತ್ರದ ಡಬ್ಬಿ, ಬಾನೆಟ್ ಎತ್ತಿ ನೋಡುವ ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿಬಿಟ್ಟರೆ ಹಳೆಯದೂ ಹೊಸದರಂತೆ ಹೊಳೆಯುತ್ತದೆ. ಇದಕ್ಕೆ ಮದ್ದು ಬಲು ಸುಲಭ. ಹೊಸ ಫಿಲ್ಟರ್ ಕೂರಿಸುವ ಮೊದಲು ಅದರ ಮೇಲೆ ಮಾರ್ಕರ್ ಪೆನ್ನಿನಿಂದ ತಾರೀಖು, ಕಿಲೋಮೀಟರ್ ಬರೆಯಿರಿ. ಮುಂದಿನ ಸಲ ಬಿಚ್ಚಿದ ಡಬ್ಬಿಯನ್ನು ಕೈಗೆ ತೆಗೆದುಕೊಂಡಾಗ ನಿಮ್ಮದೇ ಅಕ್ಷರ ಅದರ ಮೇಲಿರಬೇಕು. ಡ್ರೈನ್ ಬೋಲ್ಟಿಗೆ ಹೆಂಡತಿಯ ನೇಲ್ ಪಾಲಿಶ್ ಸಾಕು: ಬೋಲ್ಟ್ ತಲೆಯಿಂದ ಚೇಂಬರಿನ ಮೇಲೆ ಹಾಯುವಂತೆ ಒಂದೇ ಒಂದು ಗೆರೆ. ಮುಂದಿನ ಸರ್ವೀಸಿನಿಂದ ಗಾಡಿ ವಾಪಸ್ ಬಂದಾಗಲೂ ಗೆರೆ ಅಖಂಡವಾಗಿದ್ದರೆ ಆ ಬೋಲ್ಟನ್ನು ಯಾರೂ ಮುಟ್ಟಿಲ್ಲ. ಕಳ್ಳತನ ಹಿಡಿಯಲಿಕ್ಕೆ ಅಂತಲ್ಲ, ಬೋಲ್ಟ್ ತಾನಾಗಿ ಸಡಿಲವಾಗುತ್ತಿದ್ದರೂ ಆ ಗೆರೆಯೇ ಹೇಳುತ್ತದೆ.

ಈಗ ಬಿಲ್ಲು. ಆಯಿಲಿಗೆ 2,050, ಫಿಲ್ಟರಿಗೆ 120, ವಾಷರಿಗೆ 20, ಕೂಲಿ 1,450, ಕನ್ಸ್ಯೂಮಬಲ್ಸ್ ಅಂತ 250. ಇಷ್ಟರಲ್ಲಿ ನನಗೆ ದೊಡ್ಡ ತಕರಾರಿಲ್ಲ. ಅದರ ಕೆಳಗೆ ನೋಡಿ: ಎಂಜಿನ್ನಿನ ಒಳಗನ್ನು ತೊಳೆಯುವ ‘ಫ್ಲಶ್’ 650, ಆಯಿಲಿಗೆ ಬೆರೆಸುವ ‘ಟ್ರೀಟ್‌ಮೆಂಟ್’ 750, ಥ್ರಾಟಲ್ ಬಾಡಿ ಕ್ಲೀನಿಂಗ್ 700, ಎಸಿ ಡಿಸ್‌ಇನ್ಫೆಕ್ಷನ್ 900. ಒಟ್ಟು ಸರಿಯಾಗಿ ಮೂರು ಸಾವಿರ. ಗಾಡಿ ಐಡ್ಲಿಂಗಿನಲ್ಲಿ, ಅಂದರೆ ನಿಂತಲ್ಲೇ ಎಂಜಿನ್ ಓಡುವಾಗ, ತತ್ತರಿಸುತ್ತಿದ್ದರೆ ಎಂಜಿನ್ನಿಗೆ ಗಾಳಿ ಬಿಡುವ ಆ ಥ್ರಾಟಲ್ ತೊಳೆಯಲಿ, ಎಸಿಯಲ್ಲಿ ಮುಗ್ಗಲು ವಾಸನೆ ಬರುತ್ತಿದ್ದರೆ ಅದನ್ನೂ ಮಾಡಲಿ. ನೀವು ಅಂಥದ್ದೇನೂ ಬರೆದಿಲ್ಲ. ಫ್ಲಶ್ ಮತ್ತು ಟ್ರೀಟ್‌ಮೆಂಟ್ ಬಗ್ಗೆ ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಹುಡುಕಿ. ಸರ್ವೀಸ್ ಪಟ್ಟಿಯಲ್ಲಿ ಇಲ್ಲದ್ದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಒಳ್ಳೇ ಆಯಿಲಿನಲ್ಲಿ ಬೇಕಾದ ಮಸಾಲೆಯನ್ನೆಲ್ಲ ತಯಾರಿಸಿದವನೇ ಅಳತೆ ನೋಡಿ ಹಾಕಿರುತ್ತಾನೆ, ಮೇಲೆ ನಾವು ಒಗ್ಗರಣೆ ಹಾಕಬೇಕಿಲ್ಲ. ಅಂದರೆ ನಿಮ್ಮ ಜೇಬಿಗೆ ಕತ್ತರಿ ಬಿದ್ದದ್ದು ಆಯಿಲ್ ಬದಲಾವಣೆಯಲ್ಲಲ್ಲ, ಅದರ ನೆಪದಲ್ಲಿ. ಮನೆ ಮುಂದೆ ಮಲಗಿ ಬೋಲ್ಟ್ ಬಿಚ್ಚಿದರೆ ಉಳಿಯುವುದು ಕೂಲಿಯಲ್ಲಿ ಒಂದು ಭಾಗ ಮಾತ್ರ. ಸರ್ವೀಸ್ ಅಡ್ವೈಸರ್ ಫಾರಂ ತುಂಬುವಾಗ ‘ಇದು ಬೇಡ, ಇದೂ ಬೇಡ’ ಎಂದು ನಾಲ್ಕು ಸಲ ಹೇಳಿದರೆ ಉಳಿಯುವುದು ಮೂರು ಸಾವಿರ.

ಭಾಮೈದನ ಹುಮ್ಮಸ್ಸನ್ನು ಪೂರ್ತಿ ಆರಿಸುವುದು ಬೇಡ. ಆ್ಯಕ್ಟಿವಾ ಅವನಿಗೆ ಕೊಡಿ.

ಸ್ಕೂಟರಿನ ಆಯಿಲ್ ಬದಲಿಸುವುದು ಯಾರು ಬೇಕಾದರೂ ಕಲಿಯಬಹುದಾದ ಕೆಲಸ. ಗಾಡಿಯನ್ನು ಎತ್ತಬೇಕಿಲ್ಲ, ಕೆಳಗೆ ತೂರಬೇಕಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಮೂರು ನಾಲ್ಕು ನಿಮಿಷ ಎಂಜಿನ್ ಓಡಿಸಿ ಆರಿಸಿ. ಆಯಿಲ್ ಬೆಚ್ಚಗಾದರೆ ಸಲೀಸಾಗಿ ಇಳಿಯುತ್ತದೆ. ಊರೆಲ್ಲ ಸುತ್ತಿ ಬಂದ ಕೂಡಲೇ ಬಿಚ್ಚಬೇಡಿ, ಮೊಣಕೈವರೆಗೂ ಸುಟ್ಟುಕೊಳ್ಳುತ್ತೀರಿ. ಹೊಸಬರು ಎಡವುವುದು ಒಂದೇ ಕಡೆ: ಇಲ್ಲಿ ಎರಡು ಡ್ರೈನ್ ಬೋಲ್ಟುಗಳಿವೆ. ಹಿಂಚಕ್ರಕ್ಕೆ ಅಂಟಿಕೊಂಡಂತೆ ಇರುವುದು ಗೇರ್ ಆಯಿಲಿನದು. ಅದರಲ್ಲಿ ಇರುವುದೇ ಒಂದು ಲೋಟ ಕಾಫಿಯಷ್ಟು, ಸುಮಾರು 120 ಮಿಲಿ. ಎಂಜಿನ್ ಆಯಿಲಿನ ಬೋಲ್ಟ್ ಎಂಜಿನ್ನಿನ ಅಡಿಗೇ ಇದೆ. ಗೇರ್ ಆಯಿಲ್ ಇಳಿಸಿ, ಎಂಜಿನ್ ಆಯಿಲನ್ನು ಹಳೆಯದರ ಮೇಲೆಯೇ ತುಂಬಿ, ಹೊಗೆ ಕಾರುತ್ತಾ ನನ್ನಲ್ಲಿಗೆ ಬಂದ ಸ್ಕೂಟರುಗಳು ಒಂದೆರಡಲ್ಲ. ಬೋಲ್ಟ್ ಬಿಚ್ಚುವ ಮೊದಲು ಕೈಪಿಡಿಯ ಚಿತ್ರವನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಕೊಳ್ಳುವಾಗ ಆಯಿಲ್ ಎಷ್ಟು ಮಂದ ಎಂದು ಹೇಳುವ 10ಡಬ್ಲ್ಯೂ-30 ಎಂಬುದರ ಜೊತೆಗೆ ಜಾಸೋ ಎಂಬಿ ಎಂದು ಬರೆದಿರುವುದನ್ನು ನೋಡಿ. ಜಾಸೋ ಅಂದರೆ ಜಪಾನಿನವರ ಮಾನದಂಡ. ಬೈಕಿನಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ನೆನೆದುಕೊಂಡು ಕೂತಿರುತ್ತವೆ, ಆಯಿಲ್ ತೀರಾ ಜಾರಿದರೆ ಕ್ಲಚ್ಚೂ ಜಾರುತ್ತದೆ. ಅದಕ್ಕೇ ಬೈಕಿಗೆ ಎಂಎ ಅಥವಾ ಎಂಎ2. ಸ್ಕೂಟರಿನ ಕ್ಲಚ್ ಬೆಲ್ಟಿನ ಕಡೆ ಒಣಗಿಯೇ ಇರುತ್ತದೆ, ಅದಕ್ಕೆ ಎಂಬಿ ನಡೆಯುತ್ತದೆ. ಮಿಕ್ಕಿದ ಎಂಬಿ ಆಯಿಲನ್ನು ಪಕ್ಕದ ಮನೆಯವರ ಸ್ಪ್ಲೆಂಡರಿಗೆ ದಾನ ಮಾಡಬೇಡಿ. ಮಿಕ್ಕುವುದಂತೂ ಖಂಡಿತ. ಬಾಟಲಿ 800 ಮಿಲಿ, ಬರೀ ಬದಲಾವಣೆಗೆ ಮುಕ್ಕಾಲು ಲೀಟರಿಗಿಂತ ಕಡಿಮೆಯೇ ಸಾಕು. ಪೂರ್ತಿ ಸುರಿಯಬೇಡಿ. ಮಟ್ಟ ನೋಡುವಾಗ ಕಡ್ಡಿಯನ್ನು ಒರೆಸಿ ತೂತಿನ ಮೇಲೆ ಕೂರಿಸಿ ಅಷ್ಟೇ, ತಿರುಗಿಸಿ ಬಿಗಿಮಾಡಬಾರದು. ಬಿಗಿಮಾಡಿದರೆ ಕಡ್ಡಿ ಇನ್ನೂ ಒಳಗಿಳಿದು, ಕಡಿಮೆ ಇದ್ದರೂ ಜಾಸ್ತಿ ತೋರಿಸುತ್ತದೆ. ಎಷ್ಟೋ ಹಳೇ ಮೆಕ್ಯಾನಿಕ್ಕುಗಳೂ ಇದನ್ನು ತಪ್ಪಾಗಿಯೇ ಮಾಡುತ್ತಾರೆ.

ಬೋಲ್ಟ್ ವಾಪಸ್ ಹಾಕುವಾಗ ಮೊದಲ ನಾಲ್ಕು ಸುತ್ತು ಬೆರಳಲ್ಲೇ ತಿರುಗಬೇಕು. ಬೆರಳಿಗೆ ಬರದಿದ್ದರೆ ಅಡ್ಡ ಹತ್ತಿದೆ ಎಂದರ್ಥ, ಬಿಚ್ಚಿ ಮತ್ತೆ ಹಾಕಿ. ಹೊಸ ವಾಷರ್ ಹಾಕಿ, ಸ್ಪ್ಯಾನರಿನಿಂದ ಹಿತವಾಗಿ ಬಿಗಿಮಾಡಿ ನಿಲ್ಲಿಸಿ. ಹೋದ ವರ್ಷ ಒಬ್ಬ ಸಾಫ್ಟ್‌ವೇರ್ ಹುಡುಗ ತನ್ನ ಬೈಕನ್ನು ಟಾಟಾ ಏಸ್ ಮೇಲೆ ಹಾಕಿಸಿಕೊಂಡು ಬಂದ. ಎಲ್ಲಾ ಸರಿಯಾಗಿ ಮಾಡಿದ್ದಾನೆ, ಕೊನೆಗೆ ಸೋರದಿರಲಿ ಎಂದು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಇನ್ನೊಂದು ಕಾಲು ಸುತ್ತು ತಿರುಗಿಸಿದ್ದಾನೆ. ‘ಟಕ್ ಅಂತ ಸದ್ದು ಬಂತು ಅಂಕಲ್, ಆಮೇಲೆ ಬೋಲ್ಟ್ ಸುಮ್ಮನೆ ತಿರುಗ್ತಾ ಇದೆ’ ಅಂದ. ಬೋಲ್ಟು ಉಕ್ಕು, ಕೇಸಿಂಗು ಅಲ್ಯೂಮಿನಿಯಂ. ಸೋಲುವುದು ಯಾವುದು ಎಂದು ಹೇಳಬೇಕಿಲ್ಲ. ಬಿಚ್ಚಿದರೆ ಕೇಸಿಂಗಿನ ಥ್ರೆಡ್ಡು ಸ್ಪ್ರಿಂಗಿನ ಹಾಗೆ ಸುರುಳಿಯಾಗಿ ಬೋಲ್ಟಿಗೇ ಸುತ್ತಿಕೊಂಡು ಬಂತು. ಲೇತಿನವನ ಹತ್ತಿರ ಹೊಸ ಥ್ರೆಡ್ ಹಾಕಿಸಿದೆವು. ಅವನು ಉಳಿಸಲು ಹೊರಟಿದ್ದು ಇನ್ನೂರು ರೂಪಾಯಿ.

ಕಾರಿನ ಕೆಲಸವೂ ಕೈಯಳತೆಯಲ್ಲಿ ಇದೇ. ಬಿಚ್ಚು, ಇಳಿಸು, ಫಿಲ್ಟರ್ ಬದಲಿಸು, ತುಂಬು. ಆದರೆ ಅದಕ್ಕೆ ಕಾರಿನ ಕೆಳಗೆ ಹೋಗಬೇಕು, ನನ್ನ ಭಯ ಅದೊಂದೇ. ಡಿಕ್ಕಿಯಲ್ಲಿರುವ ಜಾಕ್ ಪಂಕ್ಚರಾದ ಚಕ್ರ ಬಿಚ್ಚಲು ಕೊಟ್ಟಿದ್ದು, ಅದನ್ನು ನಂಬಿ ಅಡಿಗೆ ಮಲಗಲಿಕ್ಕಲ್ಲ. ನೆಲ ಎರಡು ಬೆರಳಷ್ಟು ಇಳಿಜಾರಿದ್ದರೂ ಜಾಕ್ ಮಗುಚುತ್ತದೆ. ಸೈಜುಗಲ್ಲು, ಹಾಲೋ ಬ್ಲಾಕ್ ಆನಿಸುವವರಿದ್ದಾರೆ. ಹಾಲೋ ಬ್ಲಾಕ್ ಗೋಡೆಯಲ್ಲಿ ಸಾಲಾಗಿ ಕೂತಾಗ ಭಾರ ಹೊರುತ್ತದೆ, ಒಂದೇ ಕಡೆ ಒತ್ತಿದರೆ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ. ನಿಮ್ಮ ಕಾರಿನ ತೂಕ ಒಂದು ಟನ್ನಿನ ಆಸುಪಾಸು. ಸರಿಯಾಗಿ ಮಾಡಬೇಕೆಂದರೆ ಜೋಡಿ ಜಾಕ್ ಸ್ಟ್ಯಾಂಡ್, ಟ್ರಾಲಿ ಜಾಕ್, ಫಿಲ್ಟರ್ ಬಿಚ್ಚುವ ಪಟ್ಟಿ, ಟಾರ್ಕ್ ರೆಂಚ್, ಟ್ರೇ, ಸಮತಟ್ಟಾದ ಕಾಂಕ್ರೀಟ್ ನೆಲ, ಇಷ್ಟೂ ಬೇಕು. ವರ್ಷಕ್ಕೊಮ್ಮೆ ಮಾಡುವ ಕೆಲಸಕ್ಕೆ ಇಷ್ಟು ಸಾಮಾನು ಕೊಂಡರೆ ಅದು ಹವ್ಯಾಸ, ಉಳಿತಾಯವಲ್ಲ. ಹವ್ಯಾಸವಿದ್ದರೆ ಸಂತೋಷ, ಖಂಡಿತ ಮಾಡಿ. ಉಳಿತಾಯಕ್ಕಾದರೆ ನಾನು ಹೇಳುವ ದಾರಿ ಬೇರೆ: ಆಯಿಲ್, ಫಿಲ್ಟರ್, ವಾಷರ್ ನೀವೇ ಕೊಂಡು, ರ‍್ಯಾಂಪ್ ಇರುವ ಪರಿಚಯದ ಸಣ್ಣ ಗ್ಯಾರೇಜಿಗೆ ಹೋಗಿ, ಎದುರು ನಿಂತು ಹಾಕಿಸಿ. ಕೂಲಿ ನಮ್ಮ ಕಡೆ ಮುನ್ನೂರು ನಾನೂರು. ಶನಿವಾರ ಸಂಜೆ ಹೋಗಬೇಡಿ. ವಾರದ ಮಧ್ಯೆ ಬೆಳಿಗ್ಗೆ ಹೋದರೆ ಮೇಸ್ತ್ರಿಯೇ ಕೈಹಾಕುತ್ತಾನೆ, ಇಲ್ಲದಿದ್ದರೆ ನೆನ್ನೆ ಸೇರಿದ ಹುಡುಗ.

ಹುಡುಗರ ಮೇಲೆ ಹೇಳುತ್ತಿಲ್ಲ, ತಪ್ಪು ನನ್ನ ಗ್ಯಾರೇಜಿನಲ್ಲೇ ಆಗಿದೆ. ಒಂದು ಪೆಟ್ರೋಲ್ ಕಾರಿನ ಫಿಲ್ಟರ್ ಬಿಚ್ಚಿದಾಗ ಅದರ ಬಾಯಿಯ ರಬ್ಬರ್ ರಿಂಗು ಎಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು. ಕಪ್ಪು ಎಂಜಿನ್, ಕಪ್ಪು ರಿಂಗು, ಸಂಜೆಯ ಬೆಳಕು. ಹುಡುಗ ನೋಡಲಿಲ್ಲ, ನಾನೂ ನೋಡಲಿಲ್ಲ. ಹೊಸ ಫಿಲ್ಟರ್ ಅದರ ಮೇಲೆಯೇ ಕೂತಿತು, ರಿಂಗಿನ ಮೇಲೊಂದು ರಿಂಗು. ನಿಂತಲ್ಲಿ ಒಂದು ಹನಿ ಸೋರಲಿಲ್ಲ. ಗಾಡಿ ಕುಣಿಗಲ್ ರಸ್ತೆಯಲ್ಲಿ ವೇಗ ಹಿಡಿದ ಮೇಲೆ ಒತ್ತಡಕ್ಕೆ ರಿಂಗು ಪಕ್ಕಕ್ಕೆ ಜಿಗಿದು ಆಯಿಲ್ ಪಿಚಕಾರಿಯಂತೆ ಹೊರಗೆ. ಪುಣ್ಯಕ್ಕೆ ಓಡಿಸುತ್ತಿದ್ದವರು ಮೀಟರಿನಲ್ಲಿ ಗಿಂಡಿ ಚಿತ್ರದ ಕೆಂಪು ದೀಪ ಹತ್ತಿದ ಕ್ಷಣವೇ ಪಕ್ಕಕ್ಕೆ ಹಾಕಿ ಆಫ್ ಮಾಡಿದ್ದರು. ಇನ್ನೆರಡು ಕಿಲೋಮೀಟರ್ ಎಳೆದಿದ್ದರೆ ಎಂಜಿನ್ ಜಾಮ್. ಆಯಿಲ್, ಫಿಲ್ಟರ್ ಹೊತ್ತುಕೊಂಡು ನಾನೇ ಹೋಗಿ ರಸ್ತೆ ಬದಿಯಲ್ಲಿ ಸರಿಮಾಡಿ, ಕ್ಷಮೆ ಕೇಳಿ ಬಂದೆ. ಅವತ್ತಿನಿಂದ ನಮ್ಮಲ್ಲಿ ಬಿಚ್ಚಿದ ಹಳೇ ಫಿಲ್ಟರಿನ ಬಾಯಲ್ಲಿ ರಿಂಗು ಇದೆಯೇ ಎಂದು ಬೆರಳಿಟ್ಟು ತೋರಿಸದೆ ಹೊಸದನ್ನು ಡಬ್ಬದಿಂದ ತೆಗೆಯುವಂತಿಲ್ಲ.

ಎದುರು ನಿಂತಾಗ ನೀವು ನೋಡಬೇಕಾದ್ದೂ ಅದನ್ನೇ. ಹೊಸ ರಿಂಗಿಗೆ ಬೆರಳಿನಲ್ಲಿ ಚೂರು ಹೊಸ ಆಯಿಲ್ ಸವರಬೇಕು. ಫಿಲ್ಟರನ್ನು ಕೈಯಲ್ಲೇ ತಿರುಗಿಸಿ, ರಿಂಗು ತಾಗಿದ ಮೇಲೆ ಸುಮಾರು ಮುಕ್ಕಾಲು ಸುತ್ತು. ನಿಮ್ಮ ಕಾರಿಗೆ ಹಿಡಿಸುವುದು ಮೂರು ಲೀಟರಿನ ಆಸುಪಾಸು, ಕ್ಯಾನಿನಲ್ಲಿ ಮೂರೂವರೆ ಇರಬಹುದು. ‘ಉಳಿಸಿ ಏನ್ ಮಾಡ್ತೀರಾ ಸಾರ್’ ಎಂದು ಪೂರ್ತಿ ಬಗ್ಗಿಸಲು ಬಂದರೆ ತಡೆಯಿರಿ. ಜಾಸ್ತಿಯಾದ ಆಯಿಲಿಗೆ ಕ್ರ್ಯಾಂಕ್ ಬಡಿದು ಮಜ್ಜಿಗೆ ಕಡೆದಂತೆ ನೊರೆ ಏಳುತ್ತದೆ, ನೊರೆಯನ್ನು ಪಂಪು ಎಳೆದರೆ ಬೇರಿಂಗಿಗೆ ಹೋಗುವುದು ಆಯಿಲಲ್ಲ, ಗಾಳಿ. ಒಂದು ನಿಮಿಷ ಎಂಜಿನ್ ಓಡಿಸಿ ಆರಿಸಿ, ಐದು ನಿಮಿಷ ಬಿಟ್ಟು ಮಟ್ಟ ನೋಡಿ. ಎರಡು ಗುರುತುಗಳ ನಡುವೆ, ಮೇಲಿನದಕ್ಕೆ ಹತ್ತಿರ ಇರಲಿ. ಟಾರ್ಚ್ ಹಿಡಿದು ಅಡಿಯಲ್ಲಿ ಹನಿ ಇದೆಯೇ ನೋಡಿ. ಕೊನೆಗೆ ಖಾಲಿ ಕ್ಯಾನಿಗೆ ಸ್ಕ್ರೂಡ್ರೈವರಿನಲ್ಲಿ ಒಂದು ತೂತು ಹಾಕಿ ಬನ್ನಿ. ಒಳ್ಳೇ ಕಂಪನಿಯ ಖಾಲಿ ಕ್ಯಾನುಗಳಿಗೂ ಮುಚ್ಚಳಗಳಿಗೂ ಮಾರುಕಟ್ಟೆ ಇದೆ, ನಕಲಿ ಆಯಿಲ್ ಬರುವುದು ಅವುಗಳಲ್ಲೇ. ಅದೇ ಕಾರಣಕ್ಕೆ ಕೊಳ್ಳುವಾಗ ಬೆಲೆ ವಿಪರೀತ ಕಡಿಮೆ ಎಂದರೆ ಓಡಿ ಬನ್ನಿ.

ಯಾವ ಆಯಿಲ್ ಎಂದು ಅಂಗಡಿಯವನನ್ನು ಕೇಳಬೇಡಿ, ಕೈಪಿಡಿಯನ್ನು ಕೇಳಿ. ಡಬ್ಲ್ಯೂ ಮುಂಚಿನ ಅಂಕಿ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ, ಆಮೇಲಿನದು 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಎಷ್ಟು ಮಂದ ಎಂಬುದಕ್ಕೆ. ‘ನಮ್ಮ ಬಿಸಿಲಿಗೆ ದಪ್ಪ ಆಯಿಲೇ ಸರಿ’ ಎಂದು 20ಡಬ್ಲ್ಯೂ-50 ಹಾಕಿಸುವ ಹಿರಿಯರಿದ್ದಾರೆ. ಅವರು ಓಡಿಸುತ್ತಿದ್ದ ಅಂಬಾಸಿಡರಿಗೆ ಅದು ಸರಿಯಾಗಿತ್ತು. ಈಗಿನ ಎಂಜಿನ್ನುಗಳ ಸಂದು ಕಿರಿದು, ತೆಳು ಆಯಿಲಿಗೆಂದೇ ಮಾಡಿದ್ದು. ಡೀಸೆಲ್ ಬಿಎಸ್6 ಗಾಡಿಯವರು ಇನ್ನೂ ಹುಷಾರಾಗಿರಬೇಕು. ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇದ್ದರೆ ಬೂದಿ ಕಡಿಮೆ ಬಿಡುವ ಆಯಿಲೇ ಆಗಬೇಕು. ಮಸಿಯನ್ನು ಡಿಪಿಎಫ್ ತಾನೇ ಸುಟ್ಟುಕೊಳ್ಳುತ್ತದೆ, ಆಯಿಲಿನ ಬೂದಿ ಸುಡುವುದಿಲ್ಲ, ಅಲ್ಲೇ ಕಟ್ಟಿಕೊಳ್ಳುತ್ತದೆ.

ಎಷ್ಟು ದಿನಕ್ಕೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಕಾರಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಬ್ಯಾಂಕಿಗೂ ಮನೆಗೂ ಓಡಾಡುವ ನಿಮ್ಮಂಥವರು ‘ಬರೀ ನಾಲ್ಕು ಸಾವಿರ ಓಡಿದೆ, ಇನ್ನೊಂದು ವರ್ಷ ನಡೀಲಿ’ ಅನ್ನುತ್ತೀರಿ. ಎರಡು ಮೂರು ಕಿಲೋಮೀಟರಿಗೆ ಆಯಿಲ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ, ಉರಿಯದ ಪೆಟ್ರೋಲು ಆವಿಯಾಗದೆ ಅದರಲ್ಲೇ ಸೇರುತ್ತವೆ. ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಗಾಡಿಗಳ ಆಯಿಲ್ ಮುಚ್ಚಳ ತೆಗೆದರೆ ಒಳಗೆ ಬೆಣ್ಣೆ ಕಲಸಿದಂತೆ ಬೆಳ್ಳಗೆ ಕಂಡದ್ದುಂಟು. ಹೆಚ್ಚಿನ ಸಲ ಅದು ಬರೀ ತೇವ, ಒಂದು ದೂರದ ಪ್ರಯಾಣಕ್ಕೆ ಹೋಗಿಬಿಡುತ್ತದೆ. ಜೊತೆಗೆ ಕೂಲೆಂಟೂ ಕಡಿಮೆಯಾಗುತ್ತಿದ್ದರೆ ಮಾತ್ರ, ಕೂಲೆಂಟ್ ಆಯಿಲಿಗೆ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ನೋಡಿಸಿ. ತಿಂಗಳಿಗೆರಡು ಸಲವಾದರೂ ಕಾರನ್ನು ಬೇಲೂರೋ ಅರಸೀಕೆರೆಯೋ ತೋರಿಸಿ ತನ್ನಿ.

ವಾರಂಟಿ ಇರುವ ಹೊಸ ಗಾಡಿಯವರಿಗೆ ಒಂದು ಮಾತು. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿಗೂ ಮೀರಿ ದಂಡ ಹಾಕಿತ್ತು. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬುದು ಆರೋಪ. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎಂಬ ಷರತ್ತು ಹಾಕುವಂತಿಲ್ಲ, ಹೊರಗಿನ ತಪ್ಪು ಕೆಲಸದಿಂದ ಹಾಳಾದಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದೂ ಆ ಆದೇಶದಲ್ಲಿತ್ತು. ಪ್ರಕರಣ ಮೇಲ್ಮನವಿಗಳಲ್ಲಿ ಎಳೆದಾಡಿತು. ಕಾಗದದ ಮೇಲೆ ನ್ಯಾಯ ನಿಮ್ಮ ಕಡೆ ಇದ್ದರೂ, ಎಂಜಿನ್ ಕೆಟ್ಟ ದಿನ ಕೌಂಟರಿನ ಮುಂದೆ ವಾದ ಮಾಡುವ ತಾಪತ್ರಯ ನಿಮ್ಮದೇ. ವಾರಂಟಿ ಮುಗಿಯುವವರೆಗೆ ಅಧಿಕೃತ ವರ್ಕ್‌ಶಾಪಿನಲ್ಲೇ ಮಾಡಿಸಿ, ಬಿಲ್ಲು ಇಟ್ಟುಕೊಳ್ಳಿ. ನಿಮ್ಮ 2016ರ ಗಾಡಿಗೆ ಈ ಕಟ್ಟುಪಾಡಿಲ್ಲ.

ಇನ್ನು ಅಪ್ಪನ ಬೇಡಿಕೆ. ಇಳಿಸಿದ ಆಯಿಲಿನಲ್ಲಿ ಸವೆದ ಲೋಹದ ಕಣ, ಅರೆಬೆಂದ ಪೆಟ್ರೋಲಿನಿಂದಾದ ವಿಷಕಾರಿ ವಸ್ತುಗಳು ಎಲ್ಲ ಇರುತ್ತವೆ. ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಗ್ಯಾರೇಜಿನವರೂ ಅದನ್ನು ಪರವಾನಗಿ ಇದ್ದ ಮರುಸಂಸ್ಕರಣೆಯವರಿಗೇ ಕೊಡಬೇಕು. ಸೆಂಟ್ರಿಂಗ್ ಶೀಟಿಗೆ ಬಳಿಯುವವರಿಗೆ ಮಾರುವುದು ಎಲ್ಲಾ ಕಡೆ ನಡೆಯುತ್ತದೆ, ಹಾಗೆಂದು ಅದು ಸರಿಯೇನಲ್ಲ. ನಿಮ್ಮ ಆ್ಯಕ್ಟಿವಾದ ಮುಕ್ಕಾಲು ಲೀಟರನ್ನು ಅದೇ ಖಾಲಿ ಬಾಟಲಿಗೆ ಸುರಿದು, ಮುಂದಿನ ಸಲ ಕಾರಿನ ಕೆಲಸಕ್ಕೆ ಹೋದಾಗ ಗ್ಯಾರೇಜಿನ ಡ್ರಮ್ಮಿಗೆ ಹಾಕಿ ಬನ್ನಿ. ಆ ಬಾಟಲಿಗೆ ತೂತು ಹಾಕುವುದು ಆಮೇಲೆ. ಚರಂಡಿಗೆ, ತೆಂಗಿನ ಬುಡಕ್ಕೆ ಖಂಡಿತ ಬೇಡ.

ಕೊಟ್ಟಿಗೆ ಕಂಬಕ್ಕೆ ಬಳಿದರೆ ಗೆದ್ದಲು ದೂರವಿರಬಹುದು. ಆದರೆ ಹಸು ಕಂಬಕ್ಕೆ ಮೈಯುಜ್ಜುತ್ತದೆ, ನೆಕ್ಕುತ್ತದೆ, ಆಮೇಲೆ ನೀವು ಅದರ ಹಾಲು ಕುಡಿಯುತ್ತೀರಿ. ನಾಯಿಗಂತೂ ಹಚ್ಚಲೇಬಾರದು. ಹಳ್ಳಿಗಳಲ್ಲಿ ಕಜ್ಜಿಗೆ ಸುಟ್ಟ ಆಯಿಲ್ ಹಚ್ಚುವುದು ನನ್ನ ತಾತನ ಕಾಲದಿಂದ ನೋಡಿದ್ದೇನೆ, ನಮ್ಮ ಗ್ಯಾರೇಜಿಗೇ ಅದಕ್ಕಾಗಿ ಬಾಟಲಿ ಹಿಡಿದು ಬರುವವರಿದ್ದರು, ಮೊದಮೊದಲು ನಾನೂ ಕೊಟ್ಟಿದ್ದೇನೆ. ನಾಯಿ ಮೈಯನ್ನು ನೆಕ್ಕಿಕೊಳ್ಳುತ್ತದೆ, ಚರ್ಮದಿಂದಲೂ ಅದು ಒಳಗಿಳಿಯುತ್ತದೆ. ಕಜ್ಜಿಗೆ ಪಶು ಆಸ್ಪತ್ರೆಯಲ್ಲಿ ಒಳ್ಳೇ ಔಷಧಿ ಇದೆ. ಬಿಲ್ಲಿನಲ್ಲಿ ಉಳಿಯುವ ಆ ಮೂರು ಸಾವಿರದಲ್ಲಿ ಒಂದಿಷ್ಟನ್ನು ಅಪ್ಪನ ಕೈಗೆ ಕೊಟ್ಟು, ನಾಯಿಯನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗಲು ಹೇಳಿ.